ಹಬ್ಬದ ಸುದ್ದಿ ತಂದ ಪೇಟೆ

ನಮ್ಮ ಶಿರಗುಪ್ಪಿಯಲ್ಲಿ ದೀಪಾವಳಿ ಬಂತೆಂದು ಯಾರೂ ಸಾರಿ ಹೇಳಬೇಕಾಗಿಲ್ಲ. ಹೊಲದ ಬದುವಿನಲ್ಲಿ ಚೆಂಡು ಹೂ ಅರಳುತ್ತದೆ. ಬೆಳಗಿನ ಗಾಳಿಗೆ ತಂಪು ಸೇರುತ್ತದೆ. ಕಬ್ಬು ಹೇರಿದ ಟ್ರ್ಯಾಕ್ಟರುಗಳು ಉಗಾರದ ಸಕ್ಕರೆ ಕಾರ್ಖಾನೆಯತ್ತ ಸಾಲುಗಟ್ಟುವ ದಿನಗಳೂ ಹೆಚ್ಚುಕಡಿಮೆ ಅವೇ. ಹಬ್ಬದ ಸುದ್ದಿಯನ್ನು ಮೊದಲು ತರುವುದು ಹವೆ. ಅಂಗಡಿಗಳದ್ದು ಆಮೇಲಿನ ಮಾತು.

2023ರಲ್ಲಿ ಸಿಂಗಪುರದ ಮಗಳ ಮನೆಗೆ ಹೋದಾಗ ಇದೆಲ್ಲ ತಿರುವುಮುರುವಾಯಿತು. ಹಬ್ಬಕ್ಕೆ ಇನ್ನೂ ದಿನಗಳಿರುವಾಗಲೇ ಲಿಟಲ್ ಇಂಡಿಯಾದ ಸೆರಂಗೂನ್ ರಸ್ತೆಯ ಮೇಲೆ ಬಣ್ಣದ ದೀಪಗಳ ಕಮಾನುಗಳು ಎದ್ದಿದ್ದವು. ಪಕ್ಕದ ಕ್ಯಾಂಪ್‌ಬೆಲ್ ಲೇನಿನಲ್ಲಿ ಹಬ್ಬದ ಸಂತೆ: ಹಣತೆ, ತೋರಣ, ರಂಗೋಲಿ ಪುಡಿ, ಚಕ್ಕುಲಿ, ಬಟ್ಟೆಬರೆ. ಆರು ವರ್ಷದ ಮೊಮ್ಮಗ ನನ್ನ ಕೈ ಜಗ್ಗಿ, “ಅಜ್ಜಾ, ಲೈಟ್ ಹಚ್ಯಾರ, ದೀಪಾವಳಿ ಬಂತು!” ಎಂದ. ನನಗೆ ಕಸಿವಿಸಿಯಾಯಿತು. ಅಂಗಡಿಕಾರರು ಗುಂಡಿ ಒತ್ತಿದಾಗ ಬರುವುದೂ ಒಂದು ಹಬ್ಬವೇ ಎಂದು ಮಗಳ ಮುಂದೆ ಗೊಣಗಿದೆ.

ಆಕೆ ಸಿಟ್ಟಾಗಲಿಲ್ಲ. “ಅಪ್ಪಾ, ಇಲ್ಲಿಗೆ ಬಂದ ಮೊದಲನೇ ವರ್ಷ ನಾ ಒಬ್ಬಾಕಿನ ಇದ್ದೆ. ಆಫೀಸು, ಮನಿ, ಮಳಿ. ಎಲ್ಲಾ ದಿನಾನೂ ಒಂದ ಥರಾ. ಒಂದಿನ ಸಂಜೀಕ ಬಸ್ಸಿನಾಗ ಹೊಂಟಾಗ ಈ ದೀಪಾ ಕಂಡ್ವು. ಅಲ್ಲೇ ಇಳಿದು ಎರಡು ಹಣತಿ ತಗೊಂಡೆ. ಇಲ್ಲಂದ್ರ ಆ ವರ್ಷ ಹಬ್ಬಾನ ಮರ್ತು ಹೋಗ್ತಿತ್ತು” ಎಂದಳು.

ಅಷ್ಟು ವರ್ಷ ಭೂಗೋಲವನ್ನು ಮುಂದಿಟ್ಟುಕೊಂಡು ಋತುಮಾನದ ಪಾಠ ಹೇಳಿದವನಿಗೆ ಮಗಳ ಮಾತಿನ ಅರ್ಥ ಆಗ ಹೊಳೆಯಿತು. ಸಿಂಗಪುರ ಸಮಭಾಜಕ ವೃತ್ತದಿಂದ ಒಂದೂಕಾಲು ಡಿಗ್ರಿಯಷ್ಟೇ ಉತ್ತರಕ್ಕಿದೆ. ಅಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ಅಂತರ ಸುಮಾರು 10 ನಿಮಿಷ. ನಮ್ಮ ಭಾಗದಲ್ಲಿ ಸುಮಾರು 2 ಗಂಟೆ. ವರ್ಷವಿಡೀ ಒಂದೇ ಸೆಕೆ. ಚಳಿಗಾಲದ ಸುಳಿವಿಲ್ಲ, ಸುಗ್ಗಿಯ ಗುರುತಿಲ್ಲ.

ಆಕಾಶ ಏನೂ ಹೇಳದ ಊರಿನಲ್ಲಿ ಪೇಟೆಯೇ ಪಂಚಾಂಗ. ಚೀನೀ ಹೊಸ ವರ್ಷ ಬಂತೆಂದು ಚೈನಾಟೌನ್ ಹೇಳುತ್ತದೆ. ರಂಜಾನ್ ಬಂತೆಂದು ಗೇಲಾಂಗ್ ಸೆರಾಯ್ ಸಂತೆ ಹೇಳುತ್ತದೆ. ಕ್ರಿಸ್‌ಮಸ್ ಬಂತೆಂದು ಆರ್ಚರ್ಡ್ ರಸ್ತೆ 1984ರಿಂದ ದೀಪ ಹಚ್ಚಿ ಹೇಳುತ್ತ ಬಂದಿದೆ. ದೀಪಾವಳಿಗೆ ಸರಕಾರಿ ರಜೆ ಒಂದೇ ದಿನ. ಆದರೆ ವಾರಗಟ್ಟಲೆ ನಡೆಯುವ ವ್ಯಾಪಾರದಿಂದಾಗಿ ಚೀನೀ, ಮಲಯ ಮನೆಗಳ ಮಕ್ಕಳಿಗೂ ನಮ್ಮ ಹಬ್ಬದ ಹೆಸರು ಗೊತ್ತು.

ವ್ಯಾಪಾರ ಬೆರೆತರೆ ಹಬ್ಬ ಕೆಡುತ್ತದೆ ಎನ್ನುವ ನಾವು ನಮ್ಮ ಊರನ್ನೇ ಒಮ್ಮೆ ನೋಡಿಕೊಳ್ಳಬೇಕು. ಅಮಾವಾಸ್ಯೆಯ ಸಂಜೆ ಇಲ್ಲಿ ಪೂಜೆಗೊಳ್ಳುವುದು ಅಂಗಡಿ, ತಕ್ಕಡಿ, ಕಿರ್ದಿ ಪುಸ್ತಕ. ಮಣ್ಣೆತ್ತಿನ ಅಮಾವಾಸ್ಯೆ ಕುಂಬಾರರ ಮನೆಗೆ ನಾಲ್ಕು ಕಾಸು ತರುತ್ತದೆ. ಸಂಕ್ರಾಂತಿಗೆ ಕುಸುರೆಳ್ಳು ಮಾಡಿ ಮಾರುವವರಿಗೂ ಅದೇ ಹಂಗಾಮು. ಹಬ್ಬ ಯಾರದೋ ಮನೆಯ ಒಲೆ ಉರಿಸದೆ ಬಂದದ್ದಿಲ್ಲ.

ಹಾಗೆಂದು ಪೇಟೆ ಹೇಳಿದ್ದಕ್ಕೆಲ್ಲ ಹೂಂಗುಟ್ಟಬೇಕೆಂದಲ್ಲ. ಸಾಲದ ಕಾರ್ಡಿನಲ್ಲಿ ಕೊಂಡ ಸಾಮಾನಿನ ಬಡ್ಡಿಗೆ ಹಬ್ಬ ಮುಗಿದದ್ದು ಗೊತ್ತಾಗುವುದಿಲ್ಲ. ದೊಡ್ಡ ಖರೀದಿಯೇ ದೊಡ್ಡ ಹಬ್ಬ ಎಂದು ಮಗುವಿನ ತಲೆಯಲ್ಲಿ ಕೂತರೆ ಅದನ್ನು ತೆಗೆಯುವುದೂ ಕಷ್ಟ. ಹಬ್ಬ ಬಂತೆಂದು ಅಂಗಡಿ ಹೇಳಬಲ್ಲದು; ಅದನ್ನು ಮಾಡುವ ಕೆಲಸ ಮನೆಯವರದೇ.

ಪಾಡ್ಯದ ದಿನ ನಮ್ಮ ಕಡೆ ಸಗಣಿಯ ಪಾಂಡವರನ್ನು ಮಾಡಿ ಇಡುತ್ತೇವಲ್ಲ, ಅದು ಆ ಸಂತೆಯಲ್ಲೆಲ್ಲೂ ಇರಲಿಲ್ಲ. ಹತ್ತನೇ ಮಹಡಿಯ ಮನೆಗೆ ಸಗಣಿ ಎಲ್ಲಿಂದ ಬರಬೇಕು? ನನ್ನ ಹೆಂಡತಿ ಗೋಧಿ ಕಣಕ ನಾದಿ ಮೊಮ್ಮಗನನ್ನು ಕೂಡಿಸಿಕೊಂಡಳು. ಐವರಲ್ಲಿ ಭೀಮ ಮಾತ್ರ ಉಳಿದ ನಾಲ್ವರ ಹಿಟ್ಟನ್ನೂ ನುಂಗಿದಂತಿದ್ದ. ಅಂಗಡಿಯಿಂದ ತಂದ ಹಣತೆಯನ್ನು ಹುಡುಗ ತಾನೇ ಅವನ ಮುಂದಿಟ್ಟ.

ವಿದ್ಯಾರ್ಥಿಗಳೇ, ಈ ಸಲದ ಹಬ್ಬಕ್ಕೆ ಹಾಳೆಯ ಮೇಲೆ ಎರಡು ಸಾಲು ಎಳೆಯಿರಿ. ಒಂದರಲ್ಲಿ ಕೊಂಡದ್ದು, ಅದರ ಬೆಲೆ, ಹಣ ಯಾರ ಕೈ ಸೇರಿತು ಎಂಬುದಿರಲಿ. ಇನ್ನೊಂದರಲ್ಲಿ ನಿಮ್ಮ ಕೈಯಾರೆ ಮಾಡಿದ್ದಿರಲಿ. ಪಾಲಕರೂ ಜೊತೆಗೆ ಕೂತು ಬರೆಯಲಿ. ಎರಡು ಸಾಲೂ ಖಾಲಿ ಇರಬಾರದು.