ಕಣ್ಣಿನ ಒತ್ತಡವನ್ನು ಕಾಯುವ ಮಸೂರ

ಕಡೂರು ತಾಲ್ಲೂಕಿನ ಸಖರಾಯಪಟ್ಟಣದ ಸಮೀಪದಲ್ಲಿ ಅಯ್ಯನಕೆರೆ ಎಂಬ ಹಿರಿದಾದ ಕೆರೆಯುಂಟು. ಬೆಟ್ಟದ ಬುಡದಲ್ಲಿ ಕೂಡಿದ ನೀರು ಅಲ್ಲಿ ನಿಂತು, ತೂಬಿನ ಮೂಲಕ ಗದ್ದೆ ತೋಟಗಳಿಗೆ ಹರಿಯುತ್ತದೆ. ಒಳಕ್ಕೆ ಬರುವಷ್ಟೇ ನೀರು ಹೊರಕ್ಕೂ ಹೋಗುತ್ತಿದ್ದರೆ ಯಾವ ಕೆರೆಯ ಮಟ್ಟವಾದರೂ ಒಂದೇ ಸಮನಾಗಿರುವುದು. ತೂಬಿಗೆ ಹೂಳು ಕಟ್ಟಿತೆಂದರೆ ಮಟ್ಟ ಹೆಚ್ಚಿ, ಏರಿಯ ಮೇಲೆ ಭಾರ ಬೀಳುವುದು. ಆದರೂ ಕೆರೆಗೆ ಕೋಡಿ ಇರುವುದರಿಂದ, ಮಿಕ್ಕ ನೀರು ಅಲ್ಲಿಂದ ಹರಿದುಹೋಗಿ ಅಪಾಯ ತಪ್ಪುವುದು.

ನಮ್ಮ ಕಣ್ಣಿನೊಳಗೂ ಇಂಥದೇ ಒಂದು ಪುಟ್ಟ ಕೆರೆಯಿದೆ. ಆದರೆ ಅದಕ್ಕೆ ಕೋಡಿಯಿಲ್ಲ. ಅದರ ಮಟ್ಟವನ್ನು ಹಗಲಿರುಳೂ ನೋಡುತ್ತಿರಬಲ್ಲ ಒಂದು ಸೂಕ್ಷ್ಮ ಸಾಧನವನ್ನು ವಿಜ್ಞಾನಿಗಳು ನಿರ್ಮಿಸಿದ್ದಾರೆ. ಅದರ ರಚನೆ, ಪ್ರಯೋಜನ, ಮಿತಿ ಇವುಗಳನ್ನು ಈ ಲೇಖನದಲ್ಲಿ ವಿಚಾರಮಾಡೋಣ.

ಕಣ್ಣಿನೊಳಗಿನ ಕೆರೆ

ಕಣ್ಣಿನ ಮುಂಭಾಗದಲ್ಲಿ ಗಡಿಯಾರದ ಗಾಜಿನಂತೆ ಉಬ್ಬಿರುವ ಪಾರದರ್ಶಕವಾದ ಪದರಕ್ಕೆ ಪಾರಪಟಲ ಅಥವಾ ಕಾರ್ನಿಯಾ ಎಂದು ಹೆಸರು. ಇದಕ್ಕೂ ಒಳಗಿನ ಮಸೂರಕ್ಕೂ ರಕ್ತನಾಳಗಳಿಲ್ಲ. ಇದ್ದಿದ್ದರೆ ಬೆಳಕಿಗೆ ಅಡ್ಡಿಯಾಗುತ್ತಿತ್ತು. ಆದಕಾರಣ ಇವೆರಡಕ್ಕೂ ಪೋಷಣೆಯನ್ನು ಒದಗಿಸಲು ತಿಳಿನೀರಿನಂಥ ಒಂದು ದ್ರವ ಕಣ್ಣಿನೊಳಗೆ ಸದಾ ಉತ್ಪತ್ತಿಯಾಗುತ್ತಿರುತ್ತದೆ. ಅದರ ಪ್ರಮಾಣ ನಿಮಿಷಕ್ಕೆ 2ರಿಂದ 3 ಮೈಕ್ರೋಲೀಟರ್ ಮಾತ್ರ. ಒಂದು ಹನಿಯಷ್ಟು ಕೂಡಬೇಕಾದರೆ ಸುಮಾರು ಇಪ್ಪತ್ತು ನಿಮಿಷ ಬೇಕು. ಹೀಗೆ ಊರಿದ ದ್ರವ, ಪಾರಪಟಲವೂ ಪಾಪೆಯ ಸುತ್ತಲಿನ ಬಣ್ಣದ ಪರದೆಯೂ ಕೂಡುವ ಮೂಲೆಯಲ್ಲಿರುವ ಜರಡಿಯಂಥ ಜಾಲದ ಮೂಲಕ ಸೋಸಿಹೋಗಿ ರಕ್ತವನ್ನು ಸೇರುವುದು. ಈ ಜಾಲವೇ ಕಣ್ಣಿನ ತೂಬು.

ಆರೋಗ್ಯವಂತರ ಕಣ್ಣಿನಲ್ಲಿ ಈ ದ್ರವದ ಒತ್ತಡ ಸಾಮಾನ್ಯವಾಗಿ 10ರಿಂದ 21 ಮಿಲಿಮೀಟರ್ ಪಾದರಸದಷ್ಟು ಇರುತ್ತದೆ. ಜಾಲ ಕಟ್ಟಿಕೊಂಡಾಗ ಒತ್ತಡ ಏರುವುದು. ಏರಿದ ಒತ್ತಡದ ಪೆಟ್ಟು ಮುಖ್ಯವಾಗಿ ಬೀಳುವುದು ಕಣ್ಣಿನ ಹಿಂಭಾಗದ ದೃಷ್ಟಿನರದ ಮೇಲೆ. ಹತ್ತು ಲಕ್ಷಕ್ಕೂ ಹೆಚ್ಚು ಎಳೆಗಳಿರುವ ಈ ನರದ ತಂತುಗಳು ಒಂದೊಂದಾಗಿ ಸಾಯತೊಡಗುತ್ತವೆ. ಈ ರೋಗಕ್ಕೆ ಗ್ಲಾಕೋಮಾ ಎಂದು ಹೆಸರು.

ಒಂದು ಬಗೆಯ ಗ್ಲಾಕೋಮಾದಲ್ಲಿ ಕಣ್ಣು ಕೆಂಪಾಗಿ ವಿಪರೀತ ನೋವು ಬರುವುದುಂಟು. ಆದರೆ ಹೆಚ್ಚಿನವರಲ್ಲಿ ನೋವಿಲ್ಲ, ಉರಿಯಿಲ್ಲ. ಮೊದಲು ಅಂಚಿನ ನೋಟ ಅಳಿಯುತ್ತದೆ. ನಡುವಿನ ನೋಟ ಕೊನೆಯವರೆಗೂ ಉಳಿದಿರುವುದರಿಂದ ರೋಗಿಗೆ ಅದು ತಿಳಿಯುವುದೇ ಇಲ್ಲ. ದಕ್ಷಿಣ ಭಾರತದಲ್ಲಿ ನಡೆದ ಸಮೀಕ್ಷೆಗಳಲ್ಲಿ, ಈ ರೋಗವಿದ್ದ ಹತ್ತು ಮಂದಿಯಲ್ಲಿ ಒಂಬತ್ತು ಮಂದಿಗಾದರೂ ತಮಗೆ ರೋಗವಿದೆಯೆಂಬುದು ಗೊತ್ತಿರಲಿಲ್ಲ.

ಕಣ್ಣಿನ ಪೊರೆಗೂ ಇದಕ್ಕೂ ಇರುವ ಅಂತರವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಬೀಳಗಿಯಲ್ಲಿ 1916ರಲ್ಲಿ ಜನಿಸಿದ ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ನೇತ್ರಶಿಬಿರಗಳನ್ನು ನಡೆಸಿ, ಪೊರೆ ತೆಗೆದು ಅಸಂಖ್ಯ ಬಡವರಿಗೆ ಕಣ್ಣು ಕೊಟ್ಟರು. ಪೊರೆಯಿಂದ ಹೋದ ದೃಷ್ಟಿಯನ್ನು ಹೀಗೆ ಮರಳಿ ಪಡೆಯಬಹುದು. ಗ್ಲಾಕೋಮಾದಿಂದ ಹೋದ ದೃಷ್ಟಿ ಮರಳಿ ಬಾರದು. ಉಳಿದುದನ್ನು ಕಾಪಾಡಿಕೊಳ್ಳುವುದೊಂದೇ ದಾರಿ.

ಅಳತೆಯ ತೊಡಕು

ಹಾಗಾದರೆ ಒತ್ತಡವನ್ನು ಅಳೆಯುವುದು ಹೇಗೆ? ನಾರ್ವೆ ದೇಶದ ಶಿಯೋಟ್ಸ್ ಎಂಬ ವೈದ್ಯರು 1905ರಲ್ಲಿ ಒಂದು ಉಪಕರಣವನ್ನು ತೋರಿಸಿಕೊಟ್ಟರು. ಸ್ವಿಟ್ಜರ್ಲೆಂಡಿನ ಗೋಲ್ಡ್‌ಮನ್ 1950ರ ದಶಕದಲ್ಲಿ ಮತ್ತಷ್ಟು ನಿಖರವಾದುದನ್ನು ರಚಿಸಿದರು. ಕಣ್ಣಿಗೆ ಜೋಮು ಬರಿಸುವ ಹನಿ ಹಾಕಿ, ಪಾರಪಟಲದ 3.06 ಮಿಲಿಮೀಟರ್ ವ್ಯಾಸದ ಭಾಗವನ್ನು ಮೆಲ್ಲನೆ ಒತ್ತಿ ಚಪ್ಪಟೆ ಮಾಡಲು ಎಷ್ಟು ಬಲ ಬೇಕೆಂಬುದನ್ನು ನೋಡಿ ಒತ್ತಡವನ್ನು ಕಂಡುಹಿಡಿಯುವರು. ಇಂದಿಗೂ ವೈದ್ಯರು ಪ್ರಮಾಣವೆಂದು ಮನ್ನಿಸುವುದು ಈ ವಿಧಾನವನ್ನೇ.

ಆದರೆ ಇದು ಒಂದು ಕ್ಷಣದ ಅಳತೆ; ಅದೂ ಹಗಲಿನಲ್ಲಿ, ಕುಳಿತ ಭಂಗಿಯಲ್ಲಿ. ಕಣ್ಣಿನ ಒತ್ತಡವಾದರೋ ದಿನವಿಡೀ ಬದಲಾಗುತ್ತಿರುತ್ತದೆ. ಮಲಗಿದಾಗ ಅದು ಏರುವುದು. ಅನೇಕರಲ್ಲಿ ಅದು ಶಿಖರಕ್ಕೇರುವುದು ರಾತ್ರಿ ಅಥವಾ ಬೆಳಗಿನ ಜಾವ, ಆಸ್ಪತ್ರೆಯ ಬಾಗಿಲು ಮುಚ್ಚಿರುವಾಗ. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರಾ ಜಲಾಶಯದ ಮಟ್ಟವನ್ನು ಪ್ರತಿದಿನವೂ ಗುರುತಿಸುವರು. 186 ಅಡಿಯ ಪೂರ್ಣಮಟ್ಟಕ್ಕೆ ಎಷ್ಟು ಕಡಿಮೆಯಿದೆ, ಒಳಹರಿವು ಎಷ್ಟು ಎಂಬುದನ್ನು ರೈತರು ಪತ್ರಿಕೆಗಳಲ್ಲಿ ಓದುವರು. ವರ್ಷಕ್ಕೊಮ್ಮೆ ಮಾತ್ರ ಮಟ್ಟವನ್ನು ನೋಡಿ ಜಲಾಶಯವನ್ನು ನಿರ್ವಹಿಸಲಾದೀತೆ? ಕಣ್ಣಿನ ವಿಷಯದಲ್ಲಿ ನಾವು ಮಾಡುತ್ತಿರುವುದು ಬಹುಮಟ್ಟಿಗೆ ಅದನ್ನೇ.

ಮಸೂರದೊಳಗಿನ ನೀರುಗಂಟಿ

ಹಿಂದೆ ಊರಿನ ಕೆರೆಯನ್ನು ಕಾಯಲು ನೀರುಗಂಟಿ ಇರುತ್ತಿದ್ದನು. ಕಣ್ಣಿಗೂ ಅಂಥವನೊಬ್ಬನನ್ನು ನೇಮಿಸುವ ಪ್ರಯತ್ನವೇ ಈ ಹೊಸ ಮಸೂರ.

ಕಾಂಟ್ಯಾಕ್ಟ್ ಲೆನ್ಸ್ ಎಂದು ನಾವೆಲ್ಲ ಕರೆಯುವ ಸ್ಪರ್ಶಮಸೂರ ಹೊಸದಲ್ಲ. 1888ರಲ್ಲಿಯೇ ಫಿಕ್ ಎಂಬ ವೈದ್ಯರು ಗಾಜಿನ ಮಸೂರವನ್ನು ಕಣ್ಣಿಗೆ ತೊಡಿಸಿದ್ದರು. ಝೆಕ್ ರಸಾಯನಶಾಸ್ತ್ರಜ್ಞ ವಿಖ್ಟರ್ಲೆ ಅವರು 1961ರ ಕ್ರಿಸ್‌ಮಸ್ ವೇಳೆಯಲ್ಲಿ ತಮ್ಮ ಮನೆಯಲ್ಲಿಯೇ ಮಕ್ಕಳ ಆಟದ ಜೋಡಣೆಯ ಸಾಮಾನು ಮತ್ತು ಸೈಕಲ್ಲಿನ ಡೈನಮೋ ಬಳಸಿ ಯಂತ್ರವೊಂದನ್ನು ಹೂಡಿ, ನೀರು ಹೀರುವ ಮೃದುವಾದ ಮಸೂರವನ್ನು ತಯಾರಿಸಿದರು. ಮಸೂರದಲ್ಲಿ ಒತ್ತಡಮಾಪಕವನ್ನು ಅಡಗಿಸುವ ಪ್ರಯೋಗವನ್ನು ಅಮೆರಿಕದ ಗ್ರೀನ್ ಮತ್ತು ಗಿಲ್ಮನ್ 1974ರಲ್ಲಿ ಪ್ರಕಟಿಸಿದರು. ಅದನ್ನು ಬಳಕೆಯ ಹಂತಕ್ಕೆ ತಂದ ಕೆಲಸ ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ನಡೆಯಿತು. ಅಲ್ಲಿ ಲಿಯೊನಾರ್ಡಿ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಸಂಶೋಧನೆಯಿಂದ ಟ್ರಿಗರ್‌ಫಿಶ್ ಎಂಬ ಮಸೂರ ರೂಪುಗೊಂಡಿತು.

ಇದರ ತತ್ತ್ವ ಸರಳವಾದುದು. ಒತ್ತಡ ಏರಿದಾಗ ಪಾರಪಟಲ ಅತ್ಯಲ್ಪವಾಗಿ ಹಿಗ್ಗುವುದು. 1 ಮಿಲಿಮೀಟರ್ ಪಾದರಸದಷ್ಟು ಒತ್ತಡ ಬದಲಾದರೆ ಅದರ ವಕ್ರತೆಯ ತ್ರಿಜ್ಯ ಸುಮಾರು 3 ಮೈಕ್ರೋಮೀಟರಿನಷ್ಟು ಬದಲಾಗುವುದು. ಇದು ತಲೆಗೂದಲಿನ ದಪ್ಪದ ಇಪ್ಪತ್ತರಲ್ಲಿ ಒಂದು ಪಾಲು. ಸಿಲಿಕೋನಿನ ಮಸೂರದ ಅಂಚಿನಲ್ಲಿ ಲೋಹದ ಅತಿ ತೆಳುವಾದ ಎಳೆಗಳನ್ನು ಕಮಾನಿನಂತೆ ಹುದುಗಿಸಿರುತ್ತಾರೆ. ಪಾರಪಟಲ ಹಿಗ್ಗಿದಾಗ ಎಳೆಯೂ ಎಳೆಯಲ್ಪಟ್ಟು, ಉದ್ದವಾಗಿ ತೆಳುವಾಗುವುದರಿಂದ ಅದರ ವಿದ್ಯುದ್ರೋಧ ಹೆಚ್ಚುವುದು. ಆ ಅಲ್ಪ ಹೆಚ್ಚಳವನ್ನು ಗುರುತಿಸುವುದು, ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿ ಬಳಸುವ ವ್ಹೀಟ್‌ಸ್ಟನ್ ಸೇತುವೆಯೇ!

ಮಸೂರದಲ್ಲಿ ಬ್ಯಾಟರಿಯಿಲ್ಲ. ಕಣ್ಣಿನ ಸುತ್ತ ಅಂಟಿಸಿದ ತಂತಿಸುರುಳಿಯಿಂದ ವಿದ್ಯುತ್ಕಾಂತೀಯ ಪ್ರೇರಣೆಯ ಮೂಲಕ ಅದಕ್ಕೆ ಶಕ್ತಿ ದೊರೆಯುತ್ತದೆ. ಅಳತೆಯೂ ಅದೇ ದಾರಿಯಾಗಿ ಹೊರಬಂದು, ರೋಗಿ ಧರಿಸಿರುವ ಪುಟ್ಟ ಪೆಟ್ಟಿಗೆಯಲ್ಲಿ ದಾಖಲಾಗುವುದು. ಐದು ನಿಮಿಷಕ್ಕೊಮ್ಮೆ, ಪ್ರತಿಸಲವೂ 30 ಸೆಕೆಂಡು ಅಳೆದರೆ, ದಿನವೊಂದಕ್ಕೆ 288 ದಾಖಲೆಗಳಾದುವು. ರೋಗಿ ನಿದ್ರಿಸುತ್ತಿದ್ದರೂ ಕೆಲಸ ನಿಲ್ಲದು.

ಮಿತಿಗಳು

ಇದನ್ನು ಸರ್ವರೋಗಪರಿಹಾರವೆಂದು ಭಾವಿಸಬಾರದು. ಮಸೂರ ಒತ್ತಡವನ್ನು ಪಾದರಸದ ಲೆಕ್ಕದಲ್ಲಿ ಹೇಳದು. ಯಾವಾಗ ಏರಿತು, ಯಾವಾಗ ಇಳಿಯಿತು ಎಂಬುದನ್ನಷ್ಟೇ ತೋರಿಸುವುದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2016ರ ಮಾರ್ಚಿಯಲ್ಲಿ ಅದಕ್ಕೆ ಅನುಮತಿ ಕೊಟ್ಟಾಗಲೂ, ರೂಢಿಯ ಉಪಕರಣದಿಂದ ಯಾವ ಹೊತ್ತಿನಲ್ಲಿ ಅಳೆಯಬೇಕೆಂಬುದನ್ನು ಗುರುತಿಸಲು ಮಾತ್ರವೆಂದು ಸ್ಪಷ್ಟಪಡಿಸಿತು. ಅಲ್ಲದೆ, ಒತ್ತಡ ಸಾಧಾರಣವಾಗಿದ್ದರೂ ನರ ನಶಿಸುವ ಗ್ಲಾಕೋಮಾ ಉಂಟು. ನರವನ್ನು ಮಸೂರ ಕಾಣದು, ವೈದ್ಯರೇ ನೋಡಬೇಕು.

ಕಣ್ಣೀರಿನಲ್ಲಿರುವ ಗ್ಲೂಕೋಸನ್ನು ಅಳೆದು ಮಧುಮೇಹಿಗಳಿಗೆ ನೆರವಾಗುವ ಮಸೂರವನ್ನು ಗೂಗಲ್ ಸಂಸ್ಥೆ 2014ರಲ್ಲಿ ಘೋಷಿಸಿತ್ತು. ಕಣ್ಣೀರಿನ ಗ್ಲೂಕೋಸಿಗೂ ರಕ್ತದ ಗ್ಲೂಕೋಸಿಗೂ ನಂಬುವಂಥ ಹೊಂದಾಣಿಕೆ ಸಿಗದೆ 2018ರಲ್ಲಿ ಆ ಕೆಲಸವನ್ನು ಕೈಬಿಡಲಾಯಿತು. ಸಾಧನ ಎಷ್ಟೇ ಸೂಕ್ಷ್ಮವಾಗಿರಲಿ, ಅಳೆಯುವ ವಸ್ತು ನಿಜವನ್ನು ನುಡಿಯದಿದ್ದರೆ ಫಲವಿಲ್ಲ.

ನಮ್ಮ ಸೀಮೆಗೆ ಇದರಿಂದೇನು?

ಕಡೂರು, ತರೀಕೆರೆ, ಅಜ್ಜಂಪುರಗಳ ರೈತನಿಗೆ ಇಂಥ ಮಸೂರ ಇಂದೇ ಕೈಗೆಟುಕುವ ವಸ್ತುವಲ್ಲ. ಆದರೆ ಅದು ಕಲಿಸುವ ಪಾಠ ಕೈಗೆಟುಕುವಂಥದು: ಕಣ್ಣಿನ ಒತ್ತಡ ತಾನಾಗಿ ತಿಳಿಯದು, ಅಳೆಯಿಸಿಯೇ ತಿಳಿಯಬೇಕು, ಒಮ್ಮೆ ಸರಿಯಿದೆಯೆಂದರೆ ಅಷ್ಟಕ್ಕೇ ನಿಶ್ಚಿಂತರಾಗಬಾರದು. ನಲವತ್ತು ದಾಟಿದವರು, ಅದರಲ್ಲಿಯೂ ತಂದೆತಾಯಿಗಳಿಗೋ ಒಡಹುಟ್ಟಿದವರಿಗೋ ಗ್ಲಾಕೋಮಾ ಇದ್ದವರು, ಒತ್ತಡವನ್ನೂ ದೃಷ್ಟಿನರವನ್ನೂ ಪರೀಕ್ಷಿಸಿಕೊಳ್ಳಬೇಕು. ಕನ್ನಡಕದ ನಂಬರು ನೋಡಿಸಿದ ಮಾತ್ರಕ್ಕೆ ಈ ಪರೀಕ್ಷೆ ಮುಗಿದಂತಲ್ಲ.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಅಡಿಕೆ ಸುಲಿಯುವಾಗಲೋ ಕಾಳು ತೂರುವಾಗಲೋ ಕಣ್ಣಿಗೆ ದೂಳು ಬಿದ್ದು ಕೆಂಪಾದರೆ, ಅಂಗಡಿಯಿಂದ ಯಾವುದಾದರೊಂದು ಹನಿಮದ್ದನ್ನು ತಂದು ಹಾಕಿಕೊಳ್ಳುವುದುಂಟು. ಸ್ಟೆರಾಯ್ಡ್ ಬೆರೆತ ಹನಿಯನ್ನು ವೈದ್ಯರ ಸಲಹೆಯಿಲ್ಲದೆ ವಾರಗಟ್ಟಲೆ ಬಳಸಿದರೆ ಕೆಲವರಲ್ಲಿ ಒತ್ತಡ ಏರಿ ಗ್ಲಾಕೋಮಾ ಉಂಟಾಗುವುದು. ಉರಿ ಶಮನವಾಯಿತೆಂದು ಹಿಗ್ಗುತ್ತಿರುವಾಗಲೇ ನರ ಸಾಯುತ್ತಿರುತ್ತದೆ.

ರೋಗ ಬೇಗನೆ ಪತ್ತೆಯಾದರೆ ಹನಿಮದ್ದು, ಲೇಸರ್ ಅಥವಾ ಶಸ್ತ್ರಚಿಕಿತ್ಸೆಯಿಂದ ಒತ್ತಡವನ್ನು ತಗ್ಗಿಸಿ ಉಳಿದ ದೃಷ್ಟಿಯನ್ನು ಕಾಪಾಡಬಹುದು. ತರೀಕೆರೆಯಿಂದ ಶಿವಮೊಗ್ಗಕ್ಕೂ, ಅಜ್ಜಂಪುರದಿಂದ ದಾವಣಗೆರೆಗೂ, ಕಡೂರಿನಿಂದ ಬೆಂಗಳೂರಿಗೂ ರೈಲು ಉಂಟು. ಓದುಬಲ್ಲ ಮಕ್ಕಳು ಮನೆಯ ಹಿರಿಯರನ್ನು ಒಮ್ಮೆ ನೇತ್ರವೈದ್ಯರ ಬಳಿಗೆ ಕರೆದೊಯ್ದರೆ, ಈ ಲೇಖನವನ್ನು ಓದಿದುದು ಸಾರ್ಥಕವಾದೀತು.