ದುಡಿಮೆಯ ನಡುವೆ ಪ್ರಕೃತಿ ಛಾಯಾಗ್ರಹಣ

ರಜೆ ದೊರೆತಾಗ ಕಾಡಿಗೆ ಹೋಗಿ ಚಿತ್ರ ತೆಗೆಯೋಣವೆಂದು ನಾವೊಮ್ಮೆ ಕ್ಯಾಮೆರಾ ಕೊಂಡು ಕಪಾಟಿನಲ್ಲಿ ಇರಿಸಿದ್ದೆವು. ರಜೆ ಕೂಡಿಬರಲಿಲ್ಲ. ಎರಡು ಮಳೆಗಾಲ ಕಳೆದು ಹೊರತೆಗೆದಾಗ ಮಸೂರದೊಳಗೆ ಬೂಷ್ಟು ಬೆಳೆದಿತ್ತು. ಆ ವೇಳೆಗೆ ನಮ್ಮ ಕಣ್ಣುಗಳ ಸ್ಥಿತಿಯೂ ಅಷ್ಟೇನೂ ಚೆನ್ನಾಗಿರಲಿಲ್ಲವೆನ್ನಿ.

ಗಣಕಯಂತ್ರದ ಪರದೆಯನ್ನು ದಿಟ್ಟಿಸುವಾಗ ರೆಪ್ಪೆ ಮಿಟುಕಿಸುವುದು ಕಡಿಮೆಯಾಗಿ ಕಣ್ಣು ಒಣಗಿ ಉರಿಯುತ್ತದೆ. ಹತ್ತಿರದ್ದನ್ನೇ ನೋಡುತ್ತಿದ್ದರೆ ಕಣ್ಣಿನೊಳಗಿನ ಪುಟ್ಟ ಸ್ನಾಯುವಿಗೆ ಬಿಡುವಿರುವುದಿಲ್ಲ. ಕೆರೆಯ ಆಚೆ ದಡದ ಬೆಳ್ಳಕ್ಕಿಯತ್ತ ದೃಷ್ಟಿ ಹರಿಸಿದಾಗ ಅದು ಸಡಿಲಗೊಳ್ಳುತ್ತದೆ. ಮುಂಜಾನೆಯ ಬೆಳಕು ಕಣ್ಣಿನ ಮೂಲಕ ಮಿದುಳನ್ನು ತಲುಪಿ ನಿದ್ರೆ ಎಚ್ಚರಗಳ ಲಯವನ್ನು ಕ್ರಮಕ್ಕೆ ತರುತ್ತದೆ. ಛಾಯಾಗ್ರಾಹಕರು ಬಯಸುವುದೂ ಇದೇ ಬೆಳಕನ್ನು. ಸೂರ್ಯೋದಯದ ನಂತರದ ಒಂದು ಗಂಟೆ ನೆರಳು ಉದ್ದವಾಗಿಯೂ ಬಣ್ಣ ಮೃದುವಾಗಿಯೂ ಇರುತ್ತದೆ. ಬಹುತೇಕ ಕಚೇರಿಗಳು ಆಗಿನ್ನೂ ತೆರೆದಿರುವುದಿಲ್ಲ.

ದೇವರಾಜ ಅರಸರ ಸಂಪುಟದಲ್ಲಿ ಹಣಕಾಸು ಸಚಿವರಾಗಿದ್ದ ಸಂಡೂರಿನ ಎಂ.ವೈ. ಘೋರ್ಪಡೆಯವರು ಕಪ್ಪು ಬಿಳುಪಿನ ವನ್ಯಜೀವಿ ಛಾಯಾಚಿತ್ರಗಳಿಗೂ ಹೆಸರಾದವರು. ಅವರಂತೆ ಕಾಡು ಸುತ್ತುವುದು ಎಲ್ಲರಿಗೂ ಸಾಧ್ಯವಾಗದು. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತಮ್ಮ ತೋಟದ ಸುತ್ತಮುತ್ತಲಿನ ಹಕ್ಕಿಗಳನ್ನು ಚಿತ್ರಿಸಿದ ದಾರಿಯೇ ದುಡಿಯುವವರಿಗೆ ಸೂಕ್ತವೆಂದು ನಮ್ಮ ಅಭಿಪ್ರಾಯ. ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ವರ್ಷಕ್ಕೊಮ್ಮೆ ನೋಡಿದರಾಯಿತು.

ವಾರಕ್ಕೆ ಎರಡು ಮುಂಜಾನೆ, ಅರ್ಧ ಗಂಟೆ, ಒಂದೇ ಸ್ಥಳ. ಹಿತ್ತಲಿನ ದಾಸವಾಳದ ಗಿಡವಾದರೂ ಸರಿ, ಮೊಬೈಲಿನ ಕ್ಯಾಮೆರಾವಾದರೂ ಸಾಕು. ಮೊದಲ ದಿನ ಸೂರಕ್ಕಿ ಬಂದದ್ದೂ ತಿಳಿಯದು. ಕೆಲವು ವಾರ ಕಳೆದ ಮೇಲೆ ಅದು ಯಾವ ರೆಂಬೆಯಲ್ಲಿ ಮೊದಲು ಕೂರುತ್ತದೆಂಬುದು ತಿಳಿಯುತ್ತದೆ, ಕಾಯುವುದು ಬೇಸರವೆನಿಸುವುದಿಲ್ಲ. ಈ ಅರ್ಧ ಗಂಟೆಯನ್ನು ನಿದ್ರೆಯಿಂದ ಕಡಿತಗೊಳಿಸಬಾರದು. ರಾತ್ರಿ ಮಲಗುವ ಮುನ್ನ ಮೊಬೈಲಿಗೆ ಕೊಡುವ ವೇಳೆಯಿಂದ ತೆಗೆಯಬೇಕು. ತೆಗೆದ ಚಿತ್ರಗಳನ್ನು ಒಡನೆಯೇ ಹತ್ತು ಜನರಿಗೆ ಕಳುಹಿಸಿ ಮೆಚ್ಚುಗೆ ಎಣಿಸುತ್ತ ಕುಳಿತರೆ ಮತ್ತೆ ಅದೇ ಪರದೆಯ ಮುಂದೆ ಬಂದಂತೆಯೇ.

ಭಾರವಾದ ಕ್ಯಾಮೆರಾವನ್ನು ಕೊರಳಿಗೆ ಬಹುಹೊತ್ತು ತೂಗುಹಾಕಿದರೆ ಕತ್ತು ನೋಯುತ್ತದೆ. ಕ್ಯಾಮೆರಾದ ಕಿಂಡಿಯಲ್ಲಿ ಕಣ್ಣಿಟ್ಟು ಸೂರ್ಯನನ್ನು ಎಂದಿಗೂ ನೇರವಾಗಿ ನೋಡಕೂಡದು; ಮಸೂರವು ಬಿಸಿಲನ್ನು ಒಗ್ಗೂಡಿಸಿ ಅಕ್ಷಿಪಟಲವನ್ನು ಸುಡಬಲ್ಲುದು. ಮರಿಗಳಿರುವ ಗೂಡಿನ ಸಮೀಪಕ್ಕೂ ಹೋಗಬಾರದು. ಹೆದರಿದ ತಾಯಿಹಕ್ಕಿ ದೂರವೇ ಉಳಿದರೆ ಮರಿಗಳು ಹಸಿವಿನಿಂದ ಸಾಯುತ್ತವೆ.