ಗಲ್ಲಾಪೆಟ್ಟಿಗೆಗೆ ಬಿದ್ದ ಬೀಗ

2016ರ ಆಗಸ್ಟ್ 25ರಂದು ಓಪನ್‌ಎಸ್‌ಎಸ್‌ಎಲ್‌ನ 1.1.0 ಆವೃತ್ತಿ ಬಿಡುಗಡೆಯಾಯಿತು. ಅದನ್ನು ನೆಚ್ಚಿಕೊಂಡಿದ್ದ ಎಷ್ಟೋ ತಂತ್ರಾಂಶಗಳು ಅದರೊಂದಿಗೆ ಕಂಪೈಲ್ ಆಗಲೊಲ್ಲವು. ಹೀಗಾಗುತ್ತದೆಂದು ಗೊತ್ತಿದ್ದೇ ಅದನ್ನು ಹೊರತಂದಿದ್ದರು.

ಇಂಟರ್‌ನೆಟ್ಟಿನ ವ್ಯವಹಾರಗಳನ್ನು ಗೂಢಲಿಪಿಯಲ್ಲಿ ಕಾಯುವ ಈ ಲೈಬ್ರರಿಯ ಬೇರು ಆಸ್ಟ್ರೇಲಿಯಾದಲ್ಲಿದೆ. ಎರಿಕ್ ಯಂಗ್ ಮತ್ತು ಟಿಮ್ ಹಡ್ಸನ್ 1995ರಲ್ಲಿ ಶುರುಮಾಡಿದ ಎಸ್‌ಎಸ್‌ಎಲ್‌ಇಎವೈ 1998ರ ಕೊನೆಗೆ ಬೇರೆ ಕೈಗಳಿಗೆ ದಾಟಿ ಓಪನ್‌ಎಸ್‌ಎಸ್‌ಎಲ್ ಆಯಿತು. ಸಿ ಭಾಷೆಯ ಅಂದಿನ ರೂಢಿಯಂತೆ, ಆರ್‌ಎಸ್‌ಎ ಕೀಲಿಯ ಒಳರಚನೆ ಹೆಡರ್ ಫೈಲಿನಲ್ಲೇ ಬಯಲಾಗಿತ್ತು. ಗಿರಾಕಿಗಳೇ ಗಲ್ಲಾಪೆಟ್ಟಿಗೆಗೆ ಕೈಹಾಕಿ ಚಿಲ್ಲರೆ ಎಣಿಸಿಕೊಳ್ಳುವ ಅಂಗಡಿಯಂತೆ, ಯಾರು ಬೇಕಾದರೂ ಕೀಲಿಯೊಳಗಿನ ಸಂಖ್ಯೆಗಳನ್ನು ನೇರವಾಗಿ ಓದಬಹುದಿತ್ತು, ತಿದ್ದಬಹುದಿತ್ತು.

ತೊಡಕು ಇದ್ದದ್ದು ಇಲ್ಲೇ. ಯಾವ ಅಂಶ ಎಷ್ಟನೆಯ ಬೈಟಿನಲ್ಲಿದೆ ಎಂಬುದು ಕಂಪೈಲ್ ಆದ ಪ್ರೋಗ್ರಾಮಿನಲ್ಲಿ ಅಚ್ಚೊತ್ತಿರುತ್ತದೆ. ನಡುವೆ ಹೊಸದೊಂದನ್ನು ಸೇರಿಸಿದರೆ ಹಳೆಯ ಪ್ರೋಗ್ರಾಮು ತಪ್ಪು ಜಾಗದಿಂದ ಓದುತ್ತದೆ. ಹೀಗಾಗಿ ಲೈಬ್ರರಿಯವರಿಗೆ ತಮ್ಮದೇ ಕೋಡನ್ನು ಮುಟ್ಟಲು ಅಂಜಿಕೆ.

2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್‌ನ ಹಾರ್ಟ್‌ಬ್ಲೀಡ್ ಎಂಬ ದೋಷ ಬಯಲಿಗೆ ಬಂತು. ಬಂದ ಸಂದೇಶದ ಉದ್ದವನ್ನು ಪರೀಕ್ಷಿಸದೆ ಬಿಟ್ಟಿದ್ದರಿಂದ ಆದದ್ದು ಅದು. ಬಯಲಾಗಿದ್ದ ರಚನೆಗಳಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಇಷ್ಟು ದೊಡ್ಡ ಭಾರವನ್ನು ಎಷ್ಟು ಕಡಿಮೆ ಜನ ಹೊತ್ತಿದ್ದಾರೆಂದು ಜಗತ್ತಿಗೆ ತಿಳಿದದ್ದು ಆಗಲೇ. ಹಣ ಬಂತು, ಜನ ಬಂದರು, ಹಳೆಯ ಮನೆ ಗುಡಿಸುವ ಧೈರ್ಯವೂ ಬಂತು.

1.1.0ರಲ್ಲಿ ರಚನೆಗಳು ಒಳಗೆ ಸರಿದವು. ಕೀಲಿ ತುಂಬಲು ಇನ್ನು ‘ಆರ್‌ಎಸ್‌ಎ_ಸೆಟ್0_ಕೀ’ ಎಂಬ ಫಂಕ್ಷನ್ನನ್ನೇ ಕರೆಯಬೇಕು. ಆ ಸೊನ್ನೆ ಸುಮ್ಮನೆ ಬಂದದ್ದಲ್ಲ: ಕೊಟ್ಟ ಸಂಖ್ಯೆಗಳ ಒಡೆತನ ಲೈಬ್ರರಿಗೆ ಹೋಯಿತು, ನೀವು ಮೆಮೊರಿ ಬಿಡಿಸಬೇಡಿ ಎಂಬ ಕರಾರು ಅದರಲ್ಲಿದೆ. ‘ಗೆಟ್1’ ಎಂದಿದ್ದರೆ ಪಡೆದುಕೊಂಡದ್ದನ್ನು ಬಿಡಿಸುವ ಹೊಣೆ ನಿಮ್ಮದು.

ನಿರ್ಧಾರ ಸರಿ, ನಡೆಸಿದ ರೀತಿ ಒರಟು. ಈ ಫಂಕ್ಷನ್ನುಗಳನ್ನು ಮೊದಲೇ 1.0.2ಕ್ಕೂ ಸೇರಿಸಿದ್ದರೆ ಉಳಿದವರು ನಿಧಾನವಾಗಿ ದಾಟುತ್ತಿದ್ದರು. ಹಾಗಾಗದೆ, ಎರಡೂ ಆವೃತ್ತಿಗಳಿಗೆ ಹೊಂದುವ ತೇಪೆಯನ್ನು ಪ್ರತಿ ಯೋಜನೆಯೂ ತಾನೇ ಹಾಕಿಕೊಳ್ಳಬೇಕಾಯಿತು. ಓಪನ್‌ಎಸ್‌ಎಸ್‌ಎಚ್ ಕೂಡ 1.1ಕ್ಕೆ ಒಗ್ಗಿದ್ದು 2018ರ ಅಕ್ಟೋಬರ್‌ನಲ್ಲಿ.

1.0.2ರ ಉಚಿತ ಬೆಂಬಲ 2019ರ ಕೊನೆಗೆ ಮುಗಿಯಿತು. 2021ರ ಸೆಪ್ಟೆಂಬರ್‌ನ 3.0 ಆವೃತ್ತಿಯಲ್ಲಿ ಒಳಗಿನದನ್ನೆಲ್ಲ ‘ಪ್ರೊವೈಡರ್’ ಎಂಬ ಘಟಕಗಳಾಗಿ ಹೊಸದಾಗಿ ಜೋಡಿಸಿದರು. ಆರ್‌ಎಸ್‌ಎಯ ಕೆಳಹಂತದ ಹಳೆಯ ಫಂಕ್ಷನ್ನುಗಳನ್ನು ಮಾತ್ರ ಈ ಬಾರಿ ಕಿತ್ತುಹಾಕಲಿಲ್ಲ. ಬಳಸಿದರೆ ಕಂಪೈಲರ್ ಗೊಣಗುತ್ತದೆ, ಅಷ್ಟೆ.